ನವಕ್ರೀಡಾಪ್ರವರ್ತಕರು

ಇಸ್ಪೀಟಿನ ಮಂಡಲದಲ್ಲಿ ಗೆಲ್ಲಲೆಂದೇ ಕೂರುವವರುಂಟು, ಎಷ್ಟು ಸೋತರೂ ಏಳದವರುಂಟು, ಎಲೆಗಳನ್ನು ಎದೆಗವಚಿಕೊಂಡು ಕುಳಿತಲ್ಲಿಯೇ ನಿದ್ರಿಸುವ ಸಿದ್ಧಪುರುಷರೂ ಉಂಟು. ಆದರೆ ಈ ಯಾವ ಗುಂಪಿಗೂ ಸೇರದೆ, ಜಯದಲ್ಲಿ ಆಸೆಯಾಗಲಿ ಪರಾಜಯದಲ್ಲಿ ಖೇದವಾಗಲಿ ಇಲ್ಲದೆ, ನಡೆಯುತ್ತಿರುವ ಆಟವನ್ನು ನಿಲ್ಲಿಸಿ ಬೇರೊಂದನ್ನು ಆರಂಭಿಸುವುದರಲ್ಲಿಯೇ ಜನ್ಮದ ಸಾರ್ಥಕ್ಯವನ್ನು ಕಂಡುಕೊಂಡಿರುವ ಮಹನೀಯರೊಬ್ಬರು ನಮ್ಮ ಕರಾವಳಿಯ ಊರೂರಿನಲ್ಲಿಯೂ ಇರುತ್ತಾರೆ. ಚೆಂಡಿಯಾದಲ್ಲಿರುವ ಇಂಥವರನ್ನು ನವಕ್ರೀಡಾಪ್ರವರ್ತಕರೆಂದು ಕರೆಯಲು ನನಗೆ ಮನಸ್ಸಾಗುತ್ತದೆ; ಊರವರು ಮಾತ್ರ ಅಷ್ಟು ದೂರ ಹೋಗದೆ ‘ಹೊಸ ಆಟದವ್ರು’ ಎಂದು ಹೇಳಿ ಸುಮ್ಮನಾಗುತ್ತಾರೆ.

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಈ ಊರಿಗೆ ಒಂದು ಕಡೆ ನಾಗರಮಡಿ ಜಲಪಾತದ ಕಾಡು, ಇನ್ನೊಂದು ಕಡೆ ಕಡಲು; ಆ ಕಡಲಿಗೂ ಊರಿಗೂ ನಡುವೆ, 1986ರಲ್ಲಿ ಶಂಕುಸ್ಥಾಪನೆಯನ್ನು ಕಂಡು 2005ರಲ್ಲಿ ಐಎನ್‌ಎಸ್ ಕದಂಬವೆಂಬ ನಾಮಧೇಯದಿಂದ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆ. ನೆಲೆಗಾಗಿ ಮನೆ ತೆರವು ಮಾಡಿದವರು ತೋಡೂರಿನ ಕಾಲನಿಯಿಂದಲೂ, ಹೊಟ್ಟೆಪಾಡಿಗೆ ಹೋದವರು ಗೋವೆ ಮುಂಬಯಿಗಳಿಂದಲೂ ಚೌತಿಯ ದಿನ ಮೂಲದ ಬಂಧುಗಳ ಮನೆಗೆ ಬಂದು ಸೇರುತ್ತಾರೆ. ಮಂಗಳಾರತಿಯಾಗಿ, ಊಟವಾಗಿ, ಚಕ್ಕುಲಿಯ ಡಬ್ಬ ಹೊರಬಂದ ಮೇಲೆ, ಫಲಾವಳಿಯ ಕೆಳಗೆ ವಿರಾಜಮಾನನಾದ ಗಣಪತಿಯನ್ನು ಒಂಟಿಯಾಗಿ ಬಿಡಬಾರದೆಂಬ ಧರ್ಮಕಾರಣವನ್ನು ಮುಂದಿಟ್ಟುಕೊಂಡು ಗಂಡಸರು ಚಾಪೆ ಹಾಸುತ್ತಾರೆ. ಪೂರ್ವಕಾಲದಿಂದ ಅಲ್ಲಿ ನಡೆದು ಬಂದದ್ದು ಮೂರೆಲೆ; ಹೆಂಗಸರೂ ಮಕ್ಕಳೂ ಸೇರಿದರೆ ಕತ್ತೆಯಾಟ. ಈ ಸುಸ್ಥಿರವಾದ ಸಂಪ್ರದಾಯಕ್ಕೆ ನಮ್ಮ ಪ್ರವರ್ತಕರು ನಿವೃತ್ತರಾಗಿ ಊರಿಗೆ ಬಂದ ವರ್ಷವೇ ಗ್ರಹಣ ಹಿಡಿಯಿತು.

ಅವರು ಸರಕಿನ ಹಡಗುಗಳ ಎಂಜಿನ್ ಕೋಣೆಯಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದವರು. ಲೋಕದ ಬಂದರುಗಳನ್ನೆಲ್ಲ ಸುತ್ತಿಯೂ ಅಲ್ಲಿಯ ಗೋಪುರಗಳನ್ನಾಗಲಿ ವಸ್ತುಸಂಗ್ರಹಾಲಯಗಳನ್ನಾಗಲಿ ನೋಡದೆ, ಜತೆಗಾರ ನಾವಿಕರಿಂದ ಪೋಕರ್ ಎಂಬ ಐದೆಲೆಯ ವಿದ್ಯೆಯನ್ನೂ ಅದರ ಅಸಂಖ್ಯ ಶಾಖೋಪಶಾಖೆಗಳನ್ನೂ ಸಂಪಾದಿಸಿ ತಂದರು. ವಿದ್ಯೆ ಸಂಪಾದಿಸಿದವನು ಅದನ್ನು ದಾನ ಮಾಡದೆ ಸಾಯಬಾರದಷ್ಟೆ?

ದಾನದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಆಟಕ್ಕಿಂತ ಅದರ ಪೀಠಿಕೆ ದೀರ್ಘವಾದದ್ದು. ತಾಳಮದ್ದಳೆಯಲ್ಲಿ ಕೃಷ್ಣನ ಪಾತ್ರದ ಅರ್ಥಧಾರಿ ಸಂಧಾನಕ್ಕೆಂದು ಹೊರಟು, ಹಸ್ತಿನಾವತಿಯ ಹೆಬ್ಬಾಗಿಲನ್ನು ತಲುಪುವಷ್ಟರಲ್ಲಿ ಕೋಳಿ ಕೂಗಿಸುವಂತೆ, ಇವರೂ ಎಲೆ ಕಲಸುವುದಕ್ಕೆ ಮೊದಲು ಈ ಆಟ ಎಲ್ಲಿ ಹುಟ್ಟಿತು, ಯಾವ ಹಡಗಿನಲ್ಲಿ ತಾವು ಕಲಿತದ್ದು, ಆ ರಾತ್ರಿ ಬಿಸ್ಕೇ ಕೊಲ್ಲಿಯಲ್ಲಿ ಅಲೆ ಎಷ್ಟು ಎತ್ತರವಿತ್ತು ಎಂಬುದನ್ನೆಲ್ಲ ನಿರೂಪಿಸಿಯೇ ನಿಯಮಕ್ಕೆ ಬರುತ್ತಾರೆ. ಬಂದರೂ ಎಲ್ಲವನ್ನೂ ಹೇಳುವುದಿಲ್ಲ. ಯಾರಾದರೂ ತಪ್ಪಿದ ಮೇಲೆ ಹೇಳುವುದಕ್ಕೆಂದು ಒಂದೆರಡನ್ನು ಮಡಿಯಾಗಿ ಕಾದಿರಿಸಿಕೊಂಡಿರುತ್ತಾರೆ. ಆಟದ ನಡುವೆ ನಿಯಮ ಬದಲಾಗುವುದು ಸೀಬರ್ಡಿಗೆ ಭೂಮಿ ಕೊಟ್ಟ ಜನಕ್ಕೆ ಅಪೂರ್ವವೇನಲ್ಲವಾದ್ದರಿಂದ ಅವರು ತಾಳ್ಮೆಯಿಂದ ಸಹಿಸುತ್ತಾರೆ.

ಮೊದಲ ವರ್ಷ ಬಂದದ್ದು ಟೆಕ್ಸಾಸ್ ಹೋಲ್ಡೆಮ್: ಕೈಯಲ್ಲಿ ಎರಡೆಲೆ, ಚಾಪೆಯ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದೆಲೆ, ಏಳರಲ್ಲಿ ಉತ್ತಮವಾದ ಐದನ್ನು ಆರಿಸಿಕೊಳ್ಳುವುದು. ಇಷ್ಟೇ ಆಗಿದ್ದರೆ ಊರು ಒಗ್ಗಿಕೊಳ್ಳುತ್ತಿತ್ತು. ಆದರೆ ಮೂರೆಲೆಯಲ್ಲಿ ಕಲರಿಗಿಂತ ಸೀಕ್ವೆನ್ಸು ದೊಡ್ಡದೆಂದು ತಾತಂದಿರ ಕಾಲದಿಂದ ತಿಳಿದವರಿಗೆ, ಇಲ್ಲಿ ಸೀಕ್ವೆನ್ಸಿಗಿಂತ ಕಲರು ದೊಡ್ಡದೆಂದು ಪ್ರವರ್ತಕರು ಸಾರಿದಾಗ, ಅದು ಅತ್ತೆಯನ್ನು ಸೊಸೆ ಮಾಡಿದಷ್ಟೇ ಅಧರ್ಮವೆಂದು ತೋರಿತು. ನಿವೃತ್ತ ಗಣಿತದ ಮಾಸ್ತರರೊಬ್ಬರು ಚೌತಿಯ ಸಾಮಾನಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಮಾಡಿ ತೀರ್ಪಿತ್ತರು. ಐವತ್ತೆರಡು ಎಲೆಗಳಲ್ಲಿ ಮೂರನ್ನು ಆರಿಸುವ ಬಗೆಗಳು 22,100. ಅವುಗಳಲ್ಲಿ ಸೀಕ್ವೆನ್ಸುಗಳು 720, ಕಲರುಗಳು 1,096. ಆದುದರಿಂದ ವಿರಳವಾದ ಸೀಕ್ವೆನ್ಸೇ ಶ್ರೇಷ್ಠ. ಐದೆಲೆಯಲ್ಲಾದರೋ ಒಟ್ಟು ಬಗೆಗಳು 25,98,960, ಸೀಕ್ವೆನ್ಸುಗಳು 10,200, ಕಲರುಗಳು 5,108. ಅಲ್ಲಿ ಪಟ್ಟ ಕಲರಿಗೆ. ಪ್ರವರ್ತಕರ ಮುಖ ಅರಳಿತು. ಆದರೆ ಮಾಸ್ತರರು ಅಷ್ಟಕ್ಕೆ ನಿಲ್ಲಿಸದೆ, ನಮ್ಮ ಪುರಾತನವಾದ ಮೂರೆಲೆಯಲ್ಲಿಯೇ ಒಂದು ಅನ್ಯಾಯ ಅಡಗಿದೆಯೆಂದೂ, ಒಂದೇ ಬಣ್ಣದ ಸೀಕ್ವೆನ್ಸುಗಳು 48 ಮಾತ್ರವಿದ್ದು ಮೂರೂ ಒಂದೇ ಬಗೆಯ ಟ್ರಯಲ್ಲುಗಳು 52 ಇರುವುದರಿಂದ, ಟ್ರಯಲ್ಲನ್ನು ಮೇಲೆ ಕೂರಿಸಿದ್ದು ಗಣಿತಕ್ಕೆ ಸಮ್ಮತವಲ್ಲವೆಂದೂ ಅಪ್ಪಣೆ ಕೊಡಿಸಿದರು. ಮೂರು ಎಕ್ಕಗಳನ್ನು ಹಿಡಿದು ಹಿಂದೊಮ್ಮೆ ಬಾವನಿಂದ ಕೈಗಡಿಯಾರವನ್ನೇ ಗೆದ್ದಿದ್ದ ಹಿರಿಯರೊಬ್ಬರು ಆ ಕ್ಷಣದಿಂದ ಮಾಸ್ತರರೊಡನೆ ಮಾತು ಬಿಟ್ಟರು.

ಮರುವರ್ಷ ಒಮಾಹ. ಈಗ ಕೈಯಲ್ಲಿ ನಾಲ್ಕೆಲೆ. ಅವುಗಳಲ್ಲಿ ಎರಡನ್ನೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಬಳಸಿ ಮಧ್ಯದ ಐದರಲ್ಲಿ ಮೂರನ್ನು ಕೂಡಿಸಿಕೊಳ್ಳತಕ್ಕದ್ದು. ಕೈಯಲ್ಲಿ ನಾಲ್ಕು ರಾಜರು ಬಂದವನು ಎದ್ದು ನಿಂತು ಕುಣಿದ ಬಳಿಕ, ಇಬ್ಬರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂಬ ಕಾದಿರಿಸಿದ ನಿಯಮ ಹೊರಬಿತ್ತು. ಒಂದೊಂದು ಕೈಯಲ್ಲಿಯೂ ಅರವತ್ತು ಕೂಟಗಳನ್ನು ಪರೀಕ್ಷಿಸಬೇಕಾಗುತ್ತದೆಂದು ಮಾಸ್ತರರು ಹೇಳಲು, ಪ್ರಭವಾದಿ ಸಂವತ್ಸರಗಳೂ ಅರವತ್ತೇ, ಒಂದು ಕೈ ಮುಗಿಯಲು ಅಷ್ಟು ವರ್ಷಗಳೇ ಬೇಕಾಗಬಹುದೆಂದು ಯಾರೋ ಕತ್ತಲೆಯಿಂದ ಹೇಳಿದರು. ಅದಾದ ಮೇಲೆ ರಾಜ್ ಎಂಬುದೊಂದು ಬಂದಿತು. ಹೆಸರು ರಾಜಗಂಭೀರವಾದರೂ ಅದರಲ್ಲಿ ಅತ್ಯಂತ ದರಿದ್ರವಾದ ಕೈಗೇ ಜಯ. ಇದು ಮಾತ್ರ, ಮೂರೆಲೆಯಲ್ಲಿಯೂ ಮುಫ್ಲಿಸ್ ಎಂಬ ಅದೇ ಪದ್ಧತಿಯಿರುವುದರಿಂದ, ಊರಿಗೆ ಹಿಡಿಸಿತು. ಹಿಡಿಸಿದ್ದೇ ತಡ, ಪ್ರವರ್ತಕರು ಅದನ್ನು ಕೈಬಿಟ್ಟರು. ಜನ ಕಲಿತುಬಿಟ್ಟ ಆಟದಲ್ಲಿ ಅವರಿಗೆ ರುಚಿಯಿಲ್ಲ. ಕಾರಣ ಸ್ಪಷ್ಟ: ಕಲಿತ ಆಟದಲ್ಲಿ ಅವರು ಎಲ್ಲರಂತೆ ಒಬ್ಬ ಆಟಗಾರ, ಕಲಿಯದ ಆಟದಲ್ಲಿ ಅವರೇ ಸ್ಮೃತಿಕಾರ, ಅವರೇ ನ್ಯಾಯಾಧೀಶ. ಆದರೂ ಅವರ ಸಲುವಾಗಿ ಒಂದು ಮಾತನ್ನು ಹೇಳದಿದ್ದರೆ ಅಪಚಾರವಾದೀತು. ತಾವೊಬ್ಬರೇ ಬಲ್ಲ ಆಟದಲ್ಲಿಯೂ ಅವರು ತಪ್ಪದೆ ಸೋಲುತ್ತಾರೆ. ಬಾಹುಕನ ವೇಷದಲ್ಲಿದ್ದ ನಳನಿಗೆ ಋತುಪರ್ಣನು ಅಕ್ಷಹೃದಯವನ್ನು ಉಪದೇಶಿಸಿದ ಮೇಲೆ ನಳನು ಹೋದ ರಾಜ್ಯವನ್ನು ಗೆದ್ದುಕೊಂಡನು. ಉಪದೇಶಿಸಿದ ಋತುಪರ್ಣನು ಏನನ್ನಾದರೂ ಗೆದ್ದನೆಂದು ನಾನು ಕೇಳಿಲ್ಲ.

ಪಣಕ್ಕೆ ಇಡುವುದು ಸುಟ್ಟ ಗೇರುಬೀಜ. 1963ರ ಪೊಲೀಸು ಕಾಯಿದೆ ಕೇವಲ ಕೌಶಲದ ಆಟಗಳನ್ನು ಜೂಜಿನಿಂದ ಹೊರಗಿರಿಸಿದೆಯೆಂಬುದನ್ನೂ, ಪೋಕರನ್ನು ಕೌಶಲದ ಆಟವಾಗಿ ಆಡುವುದಕ್ಕೆ ಪರವಾನಿಗೆ ಬೇಕಿಲ್ಲವೆಂದು ರಾಜ್ಯದ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿದ್ದನ್ನೂ ಪ್ರವರ್ತಕರು ಬಾಯಿಪಾಠ ಮಾಡಿದ್ದಾರಾದರೂ, ಯಜಮಾನಿತಿಯು ಹಣದ ಆಟಕ್ಕೆ ಚಾಪೆ ಕೊಡುವುದಿಲ್ಲವೆಂದಮೇಲೆ ಅದರ ಮೇಲೆ ಅಪೀಲಿಲ್ಲ. ಗೇರುಬೀಜದಲ್ಲಿ ಒಂದೇ ತೊಂದರೆ: ಪೀಠಿಕೆ ಲಂಬಿಸಿದಷ್ಟೂ ಬಂಡವಾಳ ಕರಗುತ್ತದೆ.

ಅವರ ಸಾಧನೆಗಳಲ್ಲೆಲ್ಲ ಶಿಖರಪ್ರಾಯವಾದದ್ದು ಇಂಡಿಯನ್ ಪೋಕರ್. ಹೆಸರಿನಲ್ಲಿ ಇಂಡಿಯವಿದ್ದರೂ ಇಂಡಿಯದ ಆ ಜಗಲಿಯಲ್ಲಿ ಅದನ್ನು ಕಂಡುಕೇಳಿದವರೊಬ್ಬರೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೇ ಎಲೆ. ಅದನ್ನು ತಾನು ನೋಡದೆ, ಮುಖ ಹೊರಗಾಗಿ ಹಣೆಗೆ ಹಿಡಿದುಕೊಳ್ಳಬೇಕು. ಉಳಿದವರೆಲ್ಲರ ಎಲೆಯೂ ಕಾಣುತ್ತದೆ, ತನ್ನದೊಂದು ಕಾಣದು. ಭಾದ್ರಪದದ ಸೆಖೆಗೆ ವಿದ್ಯುತ್ತೂ ಹೋಗಿದ್ದುದರಿಂದ ಹಿಡಿದುಕೊಳ್ಳುವ ಶ್ರಮವೂ ಬೇಕಾಗದೆ ಎಲೆಗಳು ಬೆವರಿಗೆ ತಾವಾಗಿಯೇ ಅಂಟಿಕೊಂಡವು. ಏಳೆಂಟು ಗೃಹಸ್ಥರು, ಅವರಲ್ಲೊಬ್ಬರು ಸಹಕಾರಿ ಸಂಘದ ಮಾಜಿ ಅಧ್ಯಕ್ಷರು, ಹಣೆಯಲ್ಲಿ ಗುಲಾಮನನ್ನೋ ರಾಣಿಯನ್ನೋ ಧರಿಸಿ, ಲಾಂದ್ರದ ಬೆಳಕಿನಲ್ಲಿ ಒಬ್ಬರನ್ನೊಬ್ಬರು ದಿಟ್ಟಿಸುತ್ತ ಕುಳಿತ ಆ ಮುಹೂರ್ತದಲ್ಲಿ ಯಜಮಾನಿತಿ ಚಾ ತಂದರು. ಒಮ್ಮೆ ಸುತ್ತಲೂ ನೋಡಿ, ಬೀಜಗಳನ್ನೆಲ್ಲ ಮುಂದಕ್ಕೆ ತಳ್ಳುತ್ತಿದ್ದ ಗಂಡನಿಗೆ, “ಹಣೇಲಿ ಬರೀ ಕಳಾವರ್ ಎರಡು ಬರಸ್ಕಂಡು ಬಂದವ್ರು ಅಷ್ಟೆಲ್ಲಾ ಎಂತಕ್ಕೆ ಇಡ್ತ್ರಿ?” ಎಂದರು. ಆಟ ಅಲ್ಲಿಗೆ ಮುಗಿಯಿತು. ಹೊರಗಿನವರು ಮಾತಾಡಬಾರದೆಂಬ ನಿಯಮವನ್ನು ಪ್ರವರ್ತಕರು ಆಮೇಲೆ ಪ್ರಕಟಿಸಿದರು. ಆದರೆ ಅದನ್ನು ಅವರ ಸಮ್ಮುಖದಲ್ಲಿ ಪ್ರಕಟಿಸಲಿಲ್ಲ.

ಪಶ್ಚಿಮದ ಭಂಡಾರ ಬರಿದಾಗುತ್ತ ಬಂದಂತೆ ಪ್ರವರ್ತಕರ ದೃಷ್ಟಿ ಸ್ವದೇಶದತ್ತ ಹೊರಳಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಆಟಗಳ ವೈವಿಧ್ಯವನ್ನು ವರ್ಣಿಸಿದ್ದಾರೆಂಬ ಸಂಗತಿ ಅವರಿಗೆ ಹೇಗೋ ತಿಳಿದು, ನಿದ್ರೆ ಹಾರಿಹೋಯಿತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ ಹನ್ನೆರಡರಂತೆ 120 ದುಂಡೆಲೆಗಳು. ಪ್ರತಿ ಅವತಾರಕ್ಕೂ ರಾಜ, ಮಂತ್ರಿ. ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಇನ್ನೈದರಲ್ಲಿ ಒಂದೇ ದೊಡ್ಡದು. ಇಷ್ಟು ಗೊಂದಲವನ್ನು ಸ್ವದೇಶದಲ್ಲಿಟ್ಟುಕೊಂಡು ತಾವು ಒಮಾಹಕ್ಕೆ ಮಾರುಹೋದೆವಲ್ಲಾ ಎಂದು ಅವರು ಪರಿತಪಿಸಿದರು. ಸಾವಂತವಾಡಿಯಲ್ಲಿ ಇಂದಿಗೂ ತಯಾರಾಗುವ ಚಿತ್ರದೆಲೆಗಳ ಬೆಲೆ ಕೇಳಿ ಹಿಮ್ಮೆಟ್ಟಿ, ಮನೆಯಲ್ಲಿ ಸಂಗ್ರಹವಾಗಿದ್ದ ಲಗ್ನಪತ್ರಿಕೆಗಳನ್ನು ವೃತ್ತಾಕಾರವಾಗಿ ಕತ್ತರಿಸಿ, ತಾವೇ ಮೀನು ಆಮೆ ವರಾಹಗಳನ್ನು ಬರೆದರು. ಎಲೆಗಳ ಬೆನ್ನಿನ ಮೇಲೆ ಊರಿನ ಮದುವೆಗಳೆಲ್ಲ ಚೂರುಚೂರಾಗಿ ಉಳಿದುವು. ಬಂಗಾರದಕ್ಷರದ ‘ಸುಖಾಗ’ ಎಂದಿರುವುದು ಮತ್ಸ್ಯನ ಮಂತ್ರಿಯೆಂದೂ, ‘ಚಿ. ಸೌ.’ ಎಂದಿರುವುದು ವಾಮನನ ಏಳೆಂದೂ ಮಾಸ್ತರರು ಮೂರನೆಯ ಸುತ್ತಿನಷ್ಟರಲ್ಲಿ ಕಂಠಸ್ಥ ಮಾಡಿಕೊಂಡರು.

ಪೀಠಿಕೆ ಮುಗಿದು, ಸುತ್ತುಗಳು ಕುಂಟುತ್ತ ನಡೆದು, ಕಳೆದ ಚೌತಿಯ ಇರುಳು ಕೊನೆಗೊಳ್ಳುತ್ತಿದ್ದಾಗ, ಕಾದಿರಿಸಿದ ನಿಯಮ ಹೊರಬಂದಿತು: ಹಗಲಾದರೆ ರಾಮನ ರಾಜನಿದ್ದವನೂ ರಾತ್ರಿಯಾದರೆ ಕೃಷ್ಣನ ರಾಜನಿದ್ದವನೂ ಆಟವನ್ನು ಆರಂಭಿಸಬೇಕು. ಇದು ಹಗಲೋ ರಾತ್ರಿಯೋ? ರಾಮನಿದ್ದವರು ಹಗಲೆಂದರು, ಕೃಷ್ಣನಿದ್ದವರು ರಾತ್ರಿಯೆಂದರು. ಪ್ರವರ್ತಕರು ಒಳಗೆ ಹೋಗಿ ಬಗ್ಗೋಣ ಪಂಚಾಂಗವನ್ನು ಬಿಡಿಸಿ ಸೂರ್ಯೋದಯವನ್ನು ಹುಡುಕಿದರು. ಕುಮಟೆಯ ಕಡೆಯ ಉದಯ ಚೆಂಡಿಯಾಕ್ಕೆ ಅನ್ವಯಿಸುವುದೇ, ಅನ್ವಯಿಸಿದರೂ ಮೂಡಣದ ಗುಡ್ಡವನ್ನು ಸೂರ್ಯ ಹತ್ತಿ ಕಾಣಿಸಿಕೊಂಡದ್ದನ್ನು ಉದಯವೆನ್ನಬೇಕೇ ಇಲ್ಲವೇ ಎಂದು ಅವರು ಒಳಗಿನಿಂದ ತರ್ಕಿಸುತ್ತಿದ್ದಂತೆ, ಹೊರಗೆ ಕೈಗಡಿಯಾರದ ಹಿರಿಯರು ಹಳೆಯ ಕಟ್ಟನ್ನು ತೆಗೆದು, ಸದ್ದಿಲ್ಲದೆ ಕಲಸಿ, ಎಲ್ಲರಿಗೂ ಮೂರು ಮೂರು ಎಲೆ ಹಾಕಿಬಿಟ್ಟರು.

“ನಿಮ್ಗೂ ಹಾಕಿದೆ ಮಾರಾಯ್ರೆ, ನೋಡ್ತ್ರೋ, ಬ್ಲೈಂಡೋ?”

“ಬ್ಲೈಂಡೇ ಇರ್ಲಿ,” ಎಂದಿತು ಪಂಚಾಂಗದ ಮರೆಯ ಧ್ವನಿ, “ಆದ್ರೆ ಈ ಸಲ ಚಿಕ್ಕದ್ದು ಗೆಲ್ಬೇಕು, ಮತ್ತೆ ಏಳುಗಳೆಲ್ಲಾ ಜೋಕರು.”