ಸೀರೆ ಹೋಗಿ ಸೊಪ್ಪು ಬಂತು

ಬೆಂಗಳೂರಿನ ಎರಡು ಬೆಡ್‌ರೂಮಿನ ಒಂದು ಫ್ಲಾಟು. ಮಲಗುವ ಕೋಣೆಯ ಗೋಡೆಗೆ ಕಚ್ಚಿಕೊಂಡು ನಿಂತಿರುವ ಈ ವಾರ್ಡ್‌ರೋಬಿನ ಅಗಲ ಆರು ಅಡಿ, ಎತ್ತರ ಏಳು, ಆಳ ಎರಡು. ಮೂರು ಬಾಗಿಲುಗಳಲ್ಲಿ ಒಂದರ ಒಳಗಿನಿಂದ ದಿನದ ಬಹುಪಾಲು ಬೆಳಕು ಸೋರುತ್ತಿರುತ್ತದೆ. ನುಸಿಗುಳಿಗೆಯ ವಾಸನೆಯೂ ಎರೆಗೊಬ್ಬರದ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುವ ಜಾಗ ಊರಿನಲ್ಲಿ ಇನ್ನೊಂದು ಇರಲಾರದು. ಮನೆಯವರೆಲ್ಲ ಮದುವೆಗೆಂದು ಹೋಗಿದ್ದ ಹೊತ್ತಿನಲ್ಲಿ ಅದು ಮಾತಿಗೆ ಒಪ್ಪಿತು. ಒದ್ದೆ ಕೈಯಲ್ಲಿ ಮುಟ್ಟಬಾರದು ಅನ್ನುವುದೊಂದೇ ಷರತ್ತು.

ಪ್ರಶ್ನೆ: ಮೊದಲು ನಿಮ್ಮ ಪರಿಚಯ ಹೇಳಿ.

ವಾರ್ಡ್‌ರೋಬ್: ಪೂರ್ವಾಶ್ರಮದಲ್ಲಿ ನಾನೂ ಮರವೇ ಸ್ವಾಮಿ. ಹರಿಯಾಣದ ಯಮುನಾನಗರ ಕೇಳಿರಬೇಕಲ್ಲ, ಪ್ಲೈವುಡ್ಡಿಗೆ ಹೆಸರಾದ ಊರು. ಆ ಕಡೆಯ ರೈತರು ಗೋಧಿ ಹೊಲದಲ್ಲಿ ಪಾಪ್ಲರ್ ಮರ ಬೆಳೆಸ್ತಾರೆ. ಆರೇಳು ವರ್ಷಕ್ಕೆ ಕಡಿದು, ದಿಮ್ಮಿಯನ್ನು ಸುತ್ತಲೂ ಹೆರೆದು ಹಾಳೆ ತೆಗೆದು, ಹಾಳೆಗೆ ಹಾಳೆ ಅಂಟಿಸಿ ಒತ್ತಿದರೆ ಪ್ಲೈವುಡ್ಡು. ಇಲ್ಲಿಗೆ ಬಂದ ಮೇಲೆ ರಾಜಸ್ಥಾನದ ಬಡಗಿಗಳು ನನ್ನನ್ನು ಕೂಡಿಸಿದರು. ಮೇಲೆ ತೇಗದ ಗೆರೆ ಅಚ್ಚು ಹಾಕಿದ ಸನ್‌ಮೈಕಾ. ಬಂದ ನೆಂಟರು ತಟ್ಟಿ ನೋಡಿ 'ತೇಗಾನಾ?' ಅಂತಾರೆ, ಯಜಮಾನರು 'ಹೂಂ' ಅಂತಾರೆ. ನಾನು ಬಾಯಿ ಬಿಡಲ್ಲ.

ಪ್ರಶ್ನೆ: ಬಟ್ಟೆ ಕಾಯುವ ಕೆಲಸ ಬಿಟ್ಟು ಕೃಷಿಗೆ ಇಳಿದದ್ದು ಯಾಕೆ?

ವಾರ್ಡ್‌ರೋಬ್: ನಾನೆಲ್ಲಿ ಇಳಿದೆ? ಇಳಿಸಿದರು. ಈ ಮನೆಗೆ ಪೂರ್ವಕ್ಕೆ ಒಂದು ಬಾಲ್ಕನಿ ಇತ್ತು. ಬೆಳಗಿನ ಬಿಸಿಲು ಧಾರಾಳ. ಪಾರಿವಾಳ ಬರ್ತವೆ ಅಂತ ಬಲೆ ಹಾಕಿಸಿದರು. ಧೂಳು ಬರುತ್ತೆ ಅಂತ ಗಾಜು ಹಾಕಿಸಿದರು. ಗಾಜಿನೊಳಗೆ ಬಿಸಿಲು ಬರುತ್ತೆ ಅಂತ ಕಪ್ಪು ಫಿಲ್ಮ್ ಅಂಟಿಸಿದರು. ಆಮೇಲೆ ಅಲ್ಲಿಗೆ ಮೇಜು ಕುರ್ಚಿ ಬಂದು, ಈಗ ಅದು ಯಜಮಾನರ ಆಫೀಸು. ಸೂರ್ಯನನ್ನು ಹೀಗೆ ಕಂತುಕಂತಾಗಿ ಖಾಲಿ ಮಾಡಿಸಿದ ಮೇಲೆ ಒಂದು ಭಾನುವಾರ ಅವರಿಗೆ ಜ್ಞಾನೋದಯ ಆಯಿತು, ಮನೆಯಲ್ಲಿ ಹಸಿರೇ ಇಲ್ಲವಲ್ಲ ಅಂತ. ಬಾಲ್ಕನಿಯ ಫಿಲ್ಮ್ ಕೀಳೋದಕ್ಕಿಂತ ನನ್ನ ಹೊಟ್ಟೆಯೊಳಗೆ ಹೊಸ ಸೂರ್ಯನನ್ನು ಕೂರಿಸೋದು ಸುಲಭ ಅನ್ನಿಸಿತು.

ಪ್ರಶ್ನೆ: ಒಳಗಿದ್ದ ಬಟ್ಟೆಗಳು?

ವಾರ್ಡ್‌ರೋಬ್: ಟ್ರೆಡ್‌ಮಿಲ್ ಮೇಲೆ.

ಪ್ರಶ್ನೆ: ಹೊಸ ಸೂರ್ಯ ಹೇಗೆ ಬಂದ?

ವಾರ್ಡ್‌ರೋಬ್: ಒಂದೇ ಸಲಕ್ಕೆ ಬರಲಿಲ್ಲ. ಬಟ್ಟೆ ಹುಡುಕೋಕೆ ಅಂತ ನನ್ನೊಳಗೆ ಮೊದಲೇ ಒಂದು ಎಲ್‌ಇಡಿ ಪಟ್ಟಿ ಇತ್ತು, ಅದೇ ಸಾಕು ಅಂದುಕೊಂಡರು. ಅದು ಬಾಗಿಲು ತೆಗೆದರೆ ಹತ್ತುತ್ತೆ, ಮುಚ್ಚಿದರೆ ಆರುತ್ತೆ. ಅಂದರೆ ಯಜಮಾನರು ಬಂದು ನೋಡುವಾಗ ಮಾತ್ರ ಗಿಡಕ್ಕೆ ಹಗಲು. ಅವರ ದೃಷ್ಟಿಯಲ್ಲಿ ಒಳಗೆ ಯಾವಾಗಲೂ ಝಗಮಗ. ಕೊತ್ತಂಬರಿ ಮೊಳೆತು, ಬೆಳಕು ಎಲ್ಲಿದೆ ಅಂತ ತಡಕಾಡುತ್ತಾ ನೂಲಿನಷ್ಟು ಸಣ್ಣಗೆ ಉದ್ದಕ್ಕೆ ಎದ್ದು, ಬಿಳಿಚಿಕೊಂಡು ಮಲಗಿತು. ಆಗ ಗದಗಿನಿಂದ ಯಜಮಾನರ ಅವ್ವ ಬಂದಿದ್ದರು. ಬಗ್ಗಿ ನೋಡಿ, 'ತಮ್ಮಾ, ಇವಕ್ಕ ಬಿಸಲ ಇಲ್ಲೋ. ದಸರಾದಾಗ ಘಟ್ಟಕ್ಕ ಹಾಕಿದ ಕಾಳಿನಂಗ ಹಳದಿ ಬಂದಾವ ನೋಡು' ಅಂದರು. ದೇವರ ಕೋಣೆಯ ಕತ್ತಲಲ್ಲಿ ಘಟ್ಟದ ಸುತ್ತ ಮಣ್ಣಿಗೆ ಹಾಕಿದ ಕಾಳು ಹಳದಿಯಾಗಿಯೇ ಬರಬೇಕು, ಅದನ್ನು ಮುಡಿಗೆ ಇಟ್ಟುಕೊಳ್ತಾರೆ. ಇದು ಚಟ್ನಿಗೂ ಬರಲಿಲ್ಲ.

ಆಮೇಲೆ ಫೋನಿಗೆ ಲಕ್ಸ್ ಅಳೆಯೋ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಓಡಾಡಿದರು. ನಡುಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ. ಸೋಫಾದ ಮೇಲೆ ಇನ್ನೂರು, ಮುನ್ನೂರು. ಮನುಷ್ಯರ ಕಣ್ಣು ಎರಡಕ್ಕೂ ಹೊಂದಿಕೊಂಡು 'ಒಳ್ಳೇ ಬೆಳಕಿದೆ' ಅಂದುಬಿಡುತ್ತೆ. ಎಲೆಗೆ ಆ ದಾಕ್ಷಿಣ್ಯ ಇಲ್ಲ. ಇಷ್ಟು ತಿಳಿದ ಮೇಲೆ ತಂದದ್ದು ನೇರಳೆ ದೀಪ.

ಪ್ರಶ್ನೆ: ಗಿಡಕ್ಕೆ ನೇರಳೆ ಬೆಳಕೇ ಬೇಕು ಅನ್ನುತ್ತಾರಲ್ಲ?

ವಾರ್ಡ್‌ರೋಬ್: ಅಂಗಡಿಯವರು ಅನ್ನುತ್ತಾರೆ. ಎಲೆ ಕೆಂಪು ನೀಲಿ ಬೆಳಕನ್ನೇ ಹೆಚ್ಚು ಹೀರೋದು ನಿಜ. ಹಾಗಂತ ಹಸಿರು ಬೆಳಕನ್ನು ಪೂರಾ ವಾಪಸ್ ಕಳಿಸಿಬಿಡಲ್ಲ, ಅದರಲ್ಲೂ ಒಳ್ಳೇ ಪಾಲನ್ನು ಬಳಸಿಕೊಳ್ಳುತ್ತೆ. ಮಾಮೂಲಿ ಬಿಳಿ ಎಲ್‌ಇಡಿ ಬ್ಯಾಟನ್‌ನಲ್ಲಿ ಮೂರೂ ಇರ್ತವೆ. ಮುಖ್ಯವಾದದ್ದು ದೂರ. ಬಲ್ಬಿನಿಂದ ಗಿಡ ಎರಡರಷ್ಟು ದೂರ ಹೋದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಉದ್ದನೆಯ ಬ್ಯಾಟನ್‌ಗೆ ಈ ಲೆಕ್ಕ ಇಷ್ಟು ಕಟ್ಟುನಿಟ್ಟಲ್ಲ, ಆದರೂ ಹಲಗೆಯ ಮಾಡಿಗೆ ಬಡಿದು ಕೂರಿಸೋ ಬದಲು ಸರಪಳಿಯಲ್ಲಿ ತೂಗುಬಿಟ್ಟು ಸೊಪ್ಪಿನ ನೆತ್ತಿಯ ಒಂದು ಗೇಣು ಮೇಲಕ್ಕೆ ತಂದಾಗಲೇ ಇಲ್ಲಿ ಎಲೆ ಎಲೆಯ ಬಣ್ಣಕ್ಕೆ ಬಂದದ್ದು. ಬಟ್ಟೆ ನೇತುಹಾಕೋ ನನ್ನ ಕೊಳವೆ ಅದಕ್ಕೆ ಉಪಯೋಗವಾಯಿತು ನೋಡಿ. ಆದರೆ ಅಷ್ಟರಲ್ಲಿ ನೇರಳೆ ದೀಪ ಮಾಡೋ ಅನಾಹುತ ಮಾಡಿಯಾಗಿತ್ತು.

ಪ್ರಶ್ನೆ: ಏನಾಯಿತು?

ವಾರ್ಡ್‌ರೋಬ್: ಎದುರು ಬ್ಲಾಕಿನವರು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಫೋಟೊ ಹಾಕಿದರು, 'ರಾತ್ರಿ ಹನ್ನೊಂದಾದರೂ ಆ ಮನೆಯಲ್ಲಿ ನೇರಳೆ ಬೆಳಕು, ಏನು ನಡೀತಿದೆ?' ಅಂತ. ಮೊದಲು ಪಾರ್ಟಿ ಅಂದರು. ಮಾಟ ಇರಬಹುದು ಅಂದವರೂ ಇದ್ದರು. ಕೊನೆಗೆ ಒಬ್ಬರು ಗಾಂಜಾ ಅಂದರು, ಎಲ್ಲರೂ ಒಪ್ಪಿದರು. ಒಪ್ಪದೇ ಏನು, ಈ ಊರಿನ ಫ್ಲಾಟುಗಳಲ್ಲಿ ಕುಂಡದಲ್ಲಿ ಅದನ್ನು ಬೆಳೆದು ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಬಂದಿದೆ. 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಒಂದೇ ಗಿಡ ಬೆಳೆಸಿದರೂ ಅಪರಾಧವೇ. ಸೆಕ್ರೆಟರಿ, ಟ್ರೆಷರರ್, ಸೆಕ್ಯುರಿಟಿಯವನು ಸಾಲಾಗಿ ಬಂದರು. ಬಾಗಿಲು ತೆಗೆದರೆ ಮೆಂತ್ಯ ಸೊಪ್ಪು. ಸೆಕ್ರೆಟರಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ತನಿಖೆ ಮುಗಿಸಿದರು. ಹೋಗುವಾಗ, 'ಮನೆಯಲ್ಲಿ ಮೆಂತ್ಯ ಬಾತ್ ಅಂದರೆ ಎಲ್ಲರಿಗೂ ಇಷ್ಟ' ಅಂತ ಒಂದು ಹಿಡಿ ಕೇಳಿದರು. ಇದ್ದದ್ದೇ ಒಂದು ಹಿಡಿ.

ಪ್ರಶ್ನೆ: ನೀರಿನ ವಿಷಯಕ್ಕೆ ಬರೋಣ. ನಿಮಗೆ ತೊಂದರೆ ಇಲ್ಲವೇ?

ವಾರ್ಡ್‌ರೋಬ್: ಕೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ. ಗಿಡ ಕುಡಿದ ನೀರಿನಲ್ಲಿ ತನಗೆ ಅಂತ ಇಟ್ಟುಕೊಳ್ಳೋದು ಎಷ್ಟು ಗೊತ್ತಾ? ನೂರರಲ್ಲಿ ಎರಡೋ ಮೂರೋ ಪಾಲು. ಉಳಿದದ್ದೆಲ್ಲ ಎಲೆಯಿಂದ ಆವಿಯಾಗಿ ಆಚೆಗೆ. ಹೊಲದಲ್ಲಿ ಅದು ಆಕಾಶಕ್ಕೆ ಹೋಗುತ್ತೆ, ಇಲ್ಲಿ ನನ್ನ ಮೈಗೆ. ಹಗಲು ದೀಪದ ಬಿಸಿಗೆ ಗಾಳಿ ಆ ತೇವವನ್ನು ಹೊತ್ತುಕೊಂಡಿರುತ್ತೆ. ರಾತ್ರಿ ದೀಪ ಆರಿ ತಣ್ಣಗಾದ ಕೂಡಲೇ ನನ್ನ ಹಿಂದಿನ ಹಲಗೆ ಮೇಲೆ ಬೆವರಾಗಿ ಇಳಿಯುತ್ತೆ. ಬೆನ್ನ ಹಿಂದೆ ಬಾತ್‌ರೂಮಿನ ಗೋಡೆ ಬೇರೆ. ಆಷಾಢದ ಜಡಿಮಳೆಯಲ್ಲಿ ನನ್ನ ಪಾಡು ಶತ್ರುವಿಗೂ ಬೇಡ. ಕೆಳಗಿನ ಹಲಗೆಯ ಬಲಮೂಲೆ ನೋಡಿ.

(ನೋಡಿದೆವು. ಅಂಚಿಗೆ ಅಂಟಿಸಿದ್ದ ಪಟ್ಟಿ ಎದ್ದು ಹೊರಕ್ಕೆ ಬಾಗಿತ್ತು. ಒಳಗೆ ಪ್ಲೈವುಡ್ಡಿನ ಪದರಗಳು ಒಂದನ್ನೊಂದು ಬಿಟ್ಟುಕೊಂಡು ಹಲಗೆ ಅಲ್ಲಿ ಮಾತ್ರ ದಪ್ಪಗಾಗಿತ್ತು. ಸಂದಿನಲ್ಲಿ ಬೂದುಬಣ್ಣದ ಬೂಷ್ಟು. ಅದರ ಪಕ್ಕದಲ್ಲೇ, ಉದುರಿದ ಒಂದು ಸಾಸಿವೆ ಕಾಳು ಯಾರ ಅಪ್ಪಣೆಯನ್ನೂ ಕಾಯದೆ ಮೊಳೆತಿತ್ತು.)

ವಾರ್ಡ್‌ರೋಬ್: ನನ್ನ ಮೈಮೇಲೆ ಎಂಆರ್ ಅಂತ ಮುದ್ರೆ ಇದೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನ ಪ್ಲೈ, ಗಾಳಿಯ ತೇವವನ್ನು ಅಷ್ಟಿಷ್ಟು ತಡೆದುಕೊಳ್ಳುತ್ತೆ. ನೀರಿನ ಜೊತೆ ಸಂಸಾರ ಮಾಡೋಕೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈ ಬೇಕು, ಅದಕ್ಕೆ ಹಾಕೋದು ಫೀನಾಲ್ ಅಂಟು. ಇಂಟೀರಿಯರ್‌ನವರ ಕೊಟೇಶನ್‌ನಲ್ಲಿ ಮಾತ್ರ ನಾನು 'ಫುಲ್ ವಾಟರ್‌ಪ್ರೂಫ್'.

ಅಮ್ಮಾವ್ರ ರೇಷ್ಮೆ ಸೀರೆಗಳು ಪಕ್ಕದ ಬಾಗಿಲಿನೊಳಗೇ ಇದ್ದವು, ನಡುವೆ ಒಂದೇ ಹಲಗೆ. ಶ್ರಾವಣದಲ್ಲಿ ಒಂದು ದಿನ ಪೂಜೆಗೆ ಅಂತ ಸೀರೆ ತೆಗೆದು ಮಡಿಕೆ ಬಿಚ್ಚಿದರು. ಜರಿಯ ಮೇಲೆ ಮಣ್ಣಿನ ವಾಸನೆ. ಅವರು ಒಂದು ಮಾತೂ ಆಡಲಿಲ್ಲ. ಎಲ್ಲವನ್ನೂ ಎತ್ತಿಕೊಂಡು ಹೋಗಿ ಅತ್ತೆಯ ಕೋಣೆಯ ಕಬ್ಬಿಣದ ಬೀರುವಿಗೆ ಸೇರಿಸಿದರು. ಅದು ಅತ್ತೆಯ ಮದುವೆಯಲ್ಲಿ ಕೊಟ್ಟ ಬೀರು, ಗದಗಿನಿಂದ ಲಾರಿಯಲ್ಲಿ ಬಂದದ್ದು. ಈ ಮನೆಯ ಅಲಂಕಾರಕ್ಕೆ ಒಪ್ಪಲ್ಲ ಅಂತ ಮೂಲೆಗೆ ತಳ್ಳಿದ್ದರು. ಈಗ ಅದರ ಠೀವಿ ನೋಡಬೇಕು.

ಪ್ರಶ್ನೆ: ಯಜಮಾನರು ಏನೂ ಮಾಡಲಿಲ್ಲವೇ?

ವಾರ್ಡ್‌ರೋಬ್: ಮಾಡಿದರು, ಸೀರೆ ಹೋದ ಮೇಲೆ. ಹಳೇ ಕಂಪ್ಯೂಟರಿನ ಎರಡು ಫ್ಯಾನ್ ಬಿಚ್ಚಿ ತಂದು ಕೆಳಗೊಂದು ಗಾಳಿ ಒಳಕ್ಕೆ ತಳ್ಳೋಕೆ, ಮೇಲೊಂದು ಹೊರಕ್ಕೆ ಎಳೆಯೋಕೆ ಕೂರಿಸಿದರು. ಉಸಿರು ಬಂತು. ಆ ಗಾಳಿಗೆ ಅಲ್ಲಾಡಿ ಅಲ್ಲಾಡಿ ಸಸಿಗಳ ಕಾಂಡವೂ ಗಟ್ಟಿಯಾಯಿತು. ಒಳಗೋಡೆಗೆಲ್ಲ ಬಿಳಿ ಪಿವಿಸಿ ಶೀಟು ಹೊಡೆದರು, ನನಗೆ ರೇನ್‌ಕೋಟು, ಗಿಡಕ್ಕೆ ವಾಪಸ್ ಬೆಳಕು. ಕುಂಡದ ಕೆಳಗೆ ಅಂಚಿರೋ ಟ್ರೇ. ಪ್ಲಗ್ಗು ನೀರಿನ ಮಟ್ಟಕ್ಕಿಂತ ಮೇಲೆ, ವಯರು ಮೊದಲು ಕೆಳಗೆ ಜೋತು ಆಮೇಲೆ ಪ್ಲಗ್ಗಿಗೆ ಏರೋ ಹಾಗೆ. ಹನಿ ಬಿದ್ದರೆ ಆ ಜೋತಲ್ಲೇ ಉದುರಲಿ ಅಂತ. ಈ ಬುದ್ಧಿ ಮೊದಲ ದಿನವೇ ಇದ್ದಿದ್ದರೆ ನನ್ನ ಬಲಮೂಲೆ ಉಳೀತಿತ್ತು. ಮೊದಮೊದಲು ದಿನಾ ನೀರು ಸುರಿದು, ಮೊಳಕೆಯ ಬುಡ ಕೊಳೆತು, ಮಣ್ಣಿನಿಂದ ಕರಿ ನೊಣದ ಸೇನೆಯೇ ಎದ್ದಿತ್ತು. ಮೇಲ್ಮಣ್ಣು ಒಣಗಿದ ಮೇಲೆ ನೀರು ಅನ್ನೋ ನಿಯಮ ಬಂದ ಮೇಲೆ ಅವು ಇಳಿದವು. ಉಳಿದವಕ್ಕೆ ಹಳದಿ ಅಂಟುಕಾಗದ. ಅದನ್ನು ಎಲ್ಲಿ ನೇತುಹಾಕಿದ್ದಾರೆ ಹೇಳಿ? ಟೈ ಹಾಕೋ ಹ್ಯಾಂಗರಿನಲ್ಲಿ.

ಪ್ರಶ್ನೆ: ಮನೆಯ ಗಾಳಿಯಾದರೂ ಶುದ್ಧವಾಗಿರಬೇಕಲ್ಲ?

ವಾರ್ಡ್‌ರೋಬ್: ಬಂದವರಿಗೆಲ್ಲ ಯಜಮಾನರು 'ನಾಸಾದವರೇ ಹೇಳಿದ್ದಾರೆ' ಅಂತಾರೆ. ನಾಸಾ 1989ರಲ್ಲಿ ನೋಡಿದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗೆ ಗಿಡ ಇಟ್ಟು. ನಿಜವಾದ ಮನೆಗೆ ಕಿಟಕಿ, ಬಾಗಿಲು, ಸಂದುಗಳಿರ್ತವಲ್ಲ? 2019ರಲ್ಲಿ ಇಂಥ ಹಳೇ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದಾಗ, ಬರೀ ಗಾಳಿ ಆಡೋದರಿಂದ ಆಗೋ ಕೆಲಸವನ್ನು ಗಿಡ ಮಾಡಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂತ ಬಂತು. ಅಷ್ಟು ಇಟ್ಟರೆ ಮನೆಯವರು ಮೆಟ್ಟಿಲ ಮೇಲೆ ಮಲಗಬೇಕು. ಕಿಟಕಿ ತೆಗೆಯಿರಿ ಸ್ವಾಮಿ. ಓ, ಅದಕ್ಕೆ ಫಿಲ್ಮ್ ಅಂಟಿಸಿದೆ, ಮರೆತಿದ್ದೆ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಗಿಡ ಸಾಕುವುದು ಹೊಸ ಹುಚ್ಚೇ?

ವಾರ್ಡ್‌ರೋಬ್: ಏನೆಂದುಕೊಂಡಿರಿ, ನಮ್ಮದು ದೊಡ್ಡ ಮನೆತನ! 1829ರ ಹೊತ್ತಿಗೆ ಲಂಡನ್ನಿನ ಡಾಕ್ಟರು ನಥಾನಿಯಲ್ ವಾರ್ಡ್ ಪತಂಗದ ಗೂಡೊಂದನ್ನು ತೇವದ ಮಣ್ಣಿನಲ್ಲಿಟ್ಟು ಬಾಟಲಿ ಮುಚ್ಚಿದ್ದರು. ಹೊಗೆ ತುಂಬಿದ ಆ ಊರಿನ ಹಿತ್ತಲಲ್ಲಿ ಎಷ್ಟು ಹೆಣಗಿದರೂ ಬದುಕದಿದ್ದ ಜರೀಗಿಡ ಬಾಟಲಿಯೊಳಗೆ ತಾನಾಗಿ ಹುಟ್ಟಿತು. ಆಮೇಲೆ ಗಾಜಿನ ಪೆಟ್ಟಿಗೆ ಮಾಡಿಸಿ 1833ರಲ್ಲಿ ಸಿಡ್ನಿವರೆಗೆ ಹಡಗಿನಲ್ಲಿ ಗಿಡ ಕಳಿಸಿದರು, ಜೀವಂತ ತಲುಪಿದವು. ಚೀನಾದ ಚಹಾ ಸಸಿಗಳನ್ನು ರಾಬರ್ಟ್ ಫಾರ್ಚೂನ್ ಗುಟ್ಟಾಗಿ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಅಂಥ ಪೆಟ್ಟಿಗೆಗಳಲ್ಲೇ. ದಕ್ಷಿಣ ಅಮೆರಿಕದ ಸಿಂಕೋನಾ 1860ರ ದಶಕದಲ್ಲಿ ನೀಲಗಿರಿ ಸೇರಿದ್ದರಲ್ಲೂ ಅವುಗಳ ಪಾತ್ರ ಇದೆ. ಅವರು ಸಾಮ್ರಾಜ್ಯ ಕಟ್ಟಿದರು. ನಾನು ಅಡುಗೆಮನೆಯಿಂದ ಬೆಡ್‌ರೂಮಿಗೆ ಮೆಂತ್ಯ ತಂದೆ.

ಪ್ರಶ್ನೆ: ಖರ್ಚಿನ ಲೆಕ್ಕ?

ವಾರ್ಡ್‌ರೋಬ್: ಯಜಮಾನರು ಎಕ್ಸೆಲ್ ಶೀಟು ಶುರುಮಾಡಿದ್ದರು, ಈಗ ತೆರೆಯಲ್ಲ. ನಾನೇ ಹೇಳ್ತೀನಿ. 20 ವಾಟಿನ ಎರಡು ಬ್ಯಾಟನ್, ಟೈಮರ್ ಹಾಕಿ ದಿನಕ್ಕೆ 14 ಗಂಟೆ. ತಿಂಗಳಿಗೆ 17 ಯೂನಿಟ್ ಹತ್ತಿರ. ಕೊತ್ತಂಬರಿ ಬಿತ್ತಿ ಕೀಳೋಕೆ 40-45 ದಿನ, ಅಂದರೆ ಒಂದು ಬೆಳೆಗೆ 25 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ನೂರೈವತ್ತು. ಬೀಜ, ಕೊಕೊಪೀಟ್, ಗೊಬ್ಬರ, ನನ್ನ ಬಲಮೂಲೆ ಎಲ್ಲ ಬಿಟ್ಟು. ಗೇಟಿನ ಹತ್ತಿರ ಗಾಡಿಯವರು ಅದೇ ಸೊಪ್ಪನ್ನು ಕಟ್ಟಿಗೆ ಇಪ್ಪತ್ತು ಅಂದರೆ ನಮ್ಮ ಯಜಮಾನರು ಹದಿನೈದಕ್ಕೆ ಕೇಳ್ತಾರೆ.

ತಮಾಷೆ ಇನ್ನೂ ಇದೆ. ಈ ಮನೆಗೆ ಸರ್ಕಾರದ ಬಿಟ್ಟಿ ಕರೆಂಟಿನ ಯೋಜನೆ ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರ್ತಿತ್ತು. 200 ಯೂನಿಟ್ಟೂ ಬಿಟ್ಟಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಹತ್ತು ಪರ್ಸೆಂಟ್. ಇಲ್ಲಿನ ಸರಾಸರಿ 150, ಮೇಲೆ 15. ನಾನು ತಿನ್ನೋದು 17. ಸೊನ್ನೆ ಬಿಲ್ಲನ್ನು ಸೊಪ್ಪು ನುಂಗಿದ್ದು ಹೀಗೆ.

ಪ್ರಶ್ನೆ: ಹಾಗಾದರೆ ಇದೆಲ್ಲ ದಂಡ ಅನ್ನುತ್ತೀರಾ?

ವಾರ್ಡ್‌ರೋಬ್: ಕೊತ್ತಂಬರಿಗೆ ದಂಡ. ಸಾಸಿವೆ, ಮೂಲಂಗಿ ಬೀಜ ಒತ್ತಾಗಿ ಹಾಕಿ ಎರಡೆಲೆ ಬಂದಾಗಲೇ ಕತ್ತರಿಸಿದರೆ ವಾರ, ಹತ್ತು ದಿನದಲ್ಲಿ ಕೈಗೆ ಬರುತ್ತೆ. ಅದನ್ನು ಡಬ್ಬಿಗೆ ಹಾಕಿ ಮೈಕ್ರೋಗ್ರೀನ್ಸ್ ಅಂತ ಮಾರೋ ರೇಟು ನೋಡಿದರೆ ನನ್ನ ಲೆಕ್ಕ ಗಿಟ್ಟುತ್ತೆ. ತುಳಸಿಯ ಆ ಇಟಲಿ ಬೀಗರು ಬೇಸಿಲ್ ಕೂಡ ಆದೀತು. ಟೊಮೆಟೊ ಹಾಕ್ತೀನಿ ಅಂತ ಹೊರಟಿದ್ದರು. ಕಾಯಿ ಕಚ್ಚೋ ಬೆಳೆಗೆ ಸೊಪ್ಪಿನ ಎರಡರಷ್ಟು ಬೆಳಕು ಬೇಕು, ಸದ್ಯ ಬಿಟ್ಟರು. ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲು ನನ್ನೊಳಗೆ ಇದ್ದದ್ದು ಸೊಂಟಕ್ಕೆ ಬಾರದ ಪ್ಯಾಂಟುಗಳು, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಶರ್ಟ್ ಪೀಸುಗಳು. ವರ್ಷಕ್ಕೊಮ್ಮೆ ತೆಗೆದು, ನೋಡಿ, ಮತ್ತೆ ಇಡೋರು. ಈಗ ಬೆಳಗ್ಗೆ ಎದ್ದವರು ಫೋನಿಗಿಂತ ಮೊದಲು ನನ್ನ ಬಾಗಿಲು ತೆಗೀತಾರೆ. ಮಗಳು ಸ್ಕೇಲ್ ಹಿಡಿದು ಸಸಿ ಅಳೀತಾಳೆ. ಇದು ಹೊಗಳಿಕೆ ಅಲ್ಲ, ನಡೀತಿರೋದು ಹೇಳಿದೆ.

ಪ್ರಶ್ನೆ: ಮುಂದಿನ ಯೋಜನೆ?

ವಾರ್ಡ್‌ರೋಬ್: ನನ್ನನ್ನು ಕೇಳಬೇಡಿ, ಬಾಗಿಲ ಹತ್ತಿರದ ಶೂ ರ‍್ಯಾಕನ್ನು ಕೇಳಿ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತೆ ಅಂತ ಯಜಮಾನರಿಗೆ ಯಾರೋ ಹೇಳಿದ್ದಾರೆ. ಬಿಸಿಲು ಬೇಡವಂತೆ, ತೇವ ಇದ್ದರೆ ಸಾಕಂತೆ, ಗಾಳಿಗೆ ಸಣ್ಣ ತೂತುಗಳಿದ್ದರೆ ಇನ್ನೂ ಒಳ್ಳೇದಂತೆ. ಮೊನ್ನೆ ಟೇಪು ಹಿಡಿದು ಅಳೆದು ಹೋದರು. ಅವತ್ತಿನಿಂದ ಅದು ಬಾಗಿಲು ಬಿಗಿ ಹಿಡಿದುಕೊಂಡು ಕೂತಿದೆ, ಪತ್ರಿಕೆಯವರ ಜೊತೆ ಮಾತಾಡಲ್ಲ ಅಂತ ಹೇಳಿಕಳಿಸಿದೆ.