ಕಾಯ್ರಿ ರಾಯರು

ಪ್ರತಿ ಅಪಾರ್ಟ್‌ಮೆಂಟಿಗೂ ಒಂದು ಸಂಪು, ಒಂದು ಜನರೇಟರು ಮತ್ತು ಒಬ್ಬರು ಕಾಯ್ರಿ ರಾಯರು ಇರಲೇಬೇಕೆಂದು ಬೆಂಗಳೂರಿನಲ್ಲಿ ಯಾವ ಕಾನೂನೂ ಇಲ್ಲ. ಆದರೂ ಮೂರೂ ಇರುತ್ತವೆ. ಮೊದಲೆರಡು ಆಗಾಗ ಕೈಕೊಟ್ಟು ನಿಲ್ಲುವುದುಂಟು. ರಾಯರು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇದೆ, ಕೆಳಗಿನ ಅಂಚೆಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಆದರೆ "ಹೊಸ ಫೋನ್ ಕೊಳ್ಳಬೇಕು ಸಾರ್, ಯಾವುದು ತಗೊಳ್ಳಲಿ?" ಎಂದು ಯಾರು ಕೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು: "ಕಾಯ್ರಿ."

ಕಾಯುವುದಕ್ಕೆ ಅವರ ಬಳಿ ಪಂಚಾಂಗವೇ ಇದೆ. ಜನವರಿಯಲ್ಲಿ ಕೇಳಿದರೆ ಬಾರ್ಸಿಲೋನಾದ ಮೊಬೈಲ್ ಮೇಳ ಮುಗಿಯಲಿ. ಮೇಳ ಮುಗಿದ ಮೇಲೆ ಕೇಳಿದರೆ ಸೆಪ್ಟೆಂಬರ್‌ನಲ್ಲಿ ಹೊಸ ಐಫೋನ್ ಬರುತ್ತೆ, ಹಳೇದರ ರೇಟು ಬೀಳುತ್ತೆ. ಸೆಪ್ಟೆಂಬರ್ ಬಂದರೆ ದೀಪಾವಳಿ ಆಫರ್ ನೋಡೋಣ. ದೀಪಾವಳಿಯ ಪಟಾಕಿ ಸದ್ದಿನ ನಡುವೆ ಕೇಳಿದರೂ ಬಿಡುವುದಿಲ್ಲ. ಮುಂದಿನ ಚಿಪ್ಪು ಹೊರಬೀಳುವುದು ಇನ್ನೇನು ಎರಡು ತಿಂಗಳು, ಆಮೇಲೆ ಹೇಗೂ ಬಜೆಟ್ಟು ಇದೆಯಲ್ಲ, ಸುಂಕ ಇಳಿಸ್ತಾರೆ. 2024ರ ಜುಲೈ ಬಜೆಟ್‌ನಲ್ಲಿ ಮೊಬೈಲ್ ಆಮದು ಸುಂಕವನ್ನು ನಿಜವಾಗಿಯೂ ಶೇ 20ರಿಂದ ಶೇ 15ಕ್ಕೆ ಇಳಿಸಿಬಿಟ್ಟಾಗ ರಾಯರು ಅರೆಕ್ಷಣ ತಬ್ಬಿಬ್ಬಾದರು. ಆಮೇಲೆ ಸಾವರಿಸಿಕೊಂಡು ಹೇಳಿದರು: "ನೋಡಿದ್ರಾ, ಇಳಿಸೋಕೆ ಶುರು ಮಾಡಿದ್ದಾರೆ. ಇನ್ನೂ ಇಳಿಸ್ತಾರೆ. ಕಾಯ್ರಿ."

ಅವರ ಕೈಯಲ್ಲಿರುವ ಫೋನು ಯಾವ ಕಂಪನಿಯದೆಂದು ಈಗ ಹೇಳಲಾಗದು, ಅಕ್ಷರಗಳು ಅಳಿಸಿಹೋಗಿವೆ. ಗಾಜಿನ ಮೇಲೆ ಕಾವೇರಿ ಮತ್ತು ಅದರ ಅಷ್ಟೂ ಉಪನದಿಗಳು ಬಿರುಕುಬಿಟ್ಟಿವೆ. ಬೆನ್ನಿಗೆ ರಬ್ಬರ್ ಬ್ಯಾಂಡು. ಇದು ಜಿಪುಣತನವಲ್ಲ, ತತ್ತ್ವ. ಫೋನ್ ಕೊಂಡವನು ಕೊಂಡ ಗಳಿಗೆಯಿಂದಲೇ ಒಂದು ಪಕ್ಷದ ಕಾರ್ಯಕರ್ತ. ಕ್ಯಾಮೆರಾ ಮಬ್ಬಾಗಿದ್ದರೂ ಬ್ಯಾಟರಿ ಕಾದರೂ ಸಮರ್ಥಿಸಿಕೊಳ್ಳಲೇಬೇಕು. ಕೊಳ್ಳದವನಿಗೆ ಎಲ್ಲ ಕಂಪನಿಗಳನ್ನೂ ಸಮನಾಗಿ ಬೈಯುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಹದಿನೈದು ಸಾವಿರಕ್ಕೋ ಐವತ್ತು ಸಾವಿರಕ್ಕೋ ಮಾರಿಕೊಳ್ಳಲು ರಾಯರು ತಯಾರಿಲ್ಲ.

ಅವರ ಬಾಳಿನ ಸುವರ್ಣ ವರ್ಷ 2016. ಕಾಯದೆ ಕೆಟ್ಟವರ ಪುರಾವೆಗಳು ಆ ವರ್ಷ ಒಂದರ ಹಿಂದೊಂದು ಬಂದು ಅವರ ಕಾಲಿಗೆ ಬಿದ್ದವು. ಫೆಬ್ರವರಿಯಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುತ್ತೇವೆಂಬ ಫ್ರೀಡಂ 251ರ ಗದ್ದಲ. ಜನ ಮುಗಿಬಿದ್ದು ಬುಕಿಂಗ್ ಜಾಲತಾಣವೇ ಮಕಾಡೆ ಮಲಗಿತು. "251 ರೂಪಾಯಿಗೆ ಫೋನಿನ ಡಬ್ಬ ಬರಲ್ಲ ಕಣ್ರಿ" ಎಂದು ರಾಯರು ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಶವಸಂಸ್ಕಾರಕ್ಕೆ ಹೋದಲ್ಲಿ ಹೇಳಿದರು. ಸೆಪ್ಟೆಂಬರ್‌ನಲ್ಲಿ ಐಫೋನ್ 7 ಬಂತು, ಇಯರ್‌ಫೋನಿನ ತೂತೇ ಮಾಯ. ಅದೇ ಹೊತ್ತಿಗೆ ಸ್ಯಾಮ್‌ಸಂಗ್ ನೋಟ್ 7ರ ಬ್ಯಾಟರಿಗಳು ಹೊತ್ತಿಕೊಂಡು, ವಿಮಾನದಲ್ಲಿ ಅದರ ಹೆಸರು ಹಿಡಿದು ಎಚ್ಚರಿಕೆ ಹೇಳುವಂತಾಯಿತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ರಾಯರು ಒಂದೇ ಸಾಲು ಹಾಕಿದರು: "ನಾನು ಏನು ಹೇಳಿದ್ದೆ?" ಅವರು ಏನೂ ಹೇಳಿರಲಿಲ್ಲ. ಆದರೆ ಏನೂ ಕೊಂಡಿರಲೂ ಇಲ್ಲ, ಅದು ದೊಡ್ಡದು.

ಅದೇ ವರ್ಷ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಮರುದಿನವೇ ಹೊಸ ಎರಡು ಸಾವಿರದ ನೋಟಿನಲ್ಲಿ ನ್ಯಾನೋ ಚಿಪ್ಪು ಇದೆ, ನೆಲದಡಿ ನೂರಿಪ್ಪತ್ತು ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಸಂದೇಶ ಎಲ್ಲ ಫೋನುಗಳಿಗೂ ಬಂತು. ರಾಯರು ರಾತ್ರಿಯೆಲ್ಲ ಕೂತು ಉದ್ದನೆಯ ಉತ್ತರ ಬರೆದರು. ಜಿಪಿಎಸ್ ಎಂದರೆ ಉಪಗ್ರಹದಿಂದ ಸಂಕೇತ ಪಡೆಯುವ ವ್ಯವಸ್ಥೆಯೇ ಹೊರತು ಕಳಿಸುವುದಲ್ಲ. ಕಳಿಸಬೇಕಾದರೆ ಶಕ್ತಿ ಬೇಕು, ಆಂಟೆನಾ ಬೇಕು. ಕಾಗದದೊಳಗೆ ಬ್ಯಾಟರಿ ಎಲ್ಲಿಂದ ಬರುತ್ತೆ? ಅಕ್ಷರಕ್ಷರವೂ ಸರಿ. ಯಾರೂ ಓದಲಿಲ್ಲ. ಓದಿದ ಒಬ್ಬರು ಕೈಮುಗಿಯುವ ಚಿತ್ರ ಹಾಕಿ, ಅದರ ಕೆಳಗೇ ಚಿಪ್ಪಿನ ಸಂದೇಶವನ್ನು ಇನ್ನೊಮ್ಮೆ ಕಳಿಸಿದರು. 2023ರ ಮೇ ತಿಂಗಳಲ್ಲಿ ಆ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುತ್ತೇವೆಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದಾಗ ರಾಯರು ಹಳೆಯ ಸಂದೇಶವನ್ನು ಹುಡುಕಿ ತೆಗೆದರು. "ಚಿಪ್ಪು ಇದ್ದಿದ್ರೆ ನಿಮ್ಮನ್ನ ಬ್ಯಾಂಕಿಗೆ ಬನ್ನಿ ಅಂತಿದ್ರಾ? ಅವರೇ ಬಂದು ಅಕ್ಕಿ ಡಬ್ಬದಿಂದ ಎತ್ತಿಕೊಂಡು ಹೋಗ್ತಿದ್ರು."

ರಾಯರಿಗೆ ಸರಿಜೋಡಿ ಎದುರಾಳಿ ನಾಲ್ಕನೇ ಮಹಡಿಯ ಸಾಫ್ಟ್‌ವೇರ್ ಹುಡುಗ. ಐಫೋನ್ ಇಟ್ಟಿದ್ದಾನೆ, ಅಷ್ಟು ಸಾಕು. ಐಫೋನ್ 15ಕ್ಕೆ ಟೈಪ್-ಸಿ ಬಂದಾಗ ಅವನು ಅದನ್ನು ಆವಿಷ್ಕಾರ ಎಂದ. "ಆವಿಷ್ಕಾರ ಅಲ್ಲಪ್ಪ, ಯುರೋಪಿನವರು ಕಾನೂನು ಮಾಡಿ ಕಿವಿ ಹಿಂಡಿದ್ದು" ಎಂದರು ರಾಯರು. ಇಬ್ಬರೂ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬೈಗುಳ ಟೈಪಿಸುತ್ತ ಹೋದರು. ಈ ಬಗೆಯ ಇನ್ನೊಂದು ಯುದ್ಧ ನಡೆದದ್ದು 2024ರ ಬೇಸಿಗೆಯಲ್ಲಿ, ಊರಿಗೆ ಊರೇ ನೀರಿಲ್ಲದೆ ಒದ್ದಾಡುತ್ತಿದ್ದಾಗ. ಬ್ಯಾಟರಿಯ ಎಂಎಎಚ್ ಹೆಚ್ಚಿದ್ದರೆ ಮೇಲೋ, ಚಿಪ್ಪು ಕಡಿಮೆ ಕುಡಿದರೆ ಮೇಲೋ ಎಂಬ ಚರ್ಚೆ ರಾತ್ರಿ ಹನ್ನೊಂದಕ್ಕೆ ಏರಿತ್ತು. ಅದರ ನಡುವೆ ಕಾರ್ಯದರ್ಶಿಗಳು "ನಾಳೆ ಟ್ಯಾಂಕರ್ ಬರುವುದಿಲ್ಲ, ಈಗಲೇ ಹಿಡಿದಿಟ್ಟುಕೊಳ್ಳಿ" ಎಂದು ಹಾಕಿದ ಸಂದೇಶ ಎಲ್ಲೋ ಮುಳುಗಿಹೋಯಿತು. ಬೆಳಿಗ್ಗೆ ಇಡೀ ಕಟ್ಟಡ ಸ್ನಾನವಿಲ್ಲದೆ ಆಫೀಸಿಗೆ ಹೋಯಿತು. ಇಬ್ಬರು ಯೋಧರೂ ಲಿಫ್ಟಿನಲ್ಲಿ ಎದುರಾದರು, ಒಬ್ಬರನ್ನೊಬ್ಬರು ನೋಡಿ ನಕ್ಕರು. ಮುಖಾಮುಖಿ ಸಿಕ್ಕಾಗ ಅವರು ಜಗಳವಾಡಿದ್ದೇ ಇಲ್ಲ, ಆ ಹುಡುಗ ಅವರಿಗೆ ಅಂಕಲ್.

ಐಫೋನ್ ಬಗ್ಗೆ ರಾಯರಿಗೆ ಒಂದು ಸಂಕಟವೂ ಇದೆ. 2017ರಲ್ಲಿ ಅದನ್ನು ನಮ್ಮ ಪೀಣ್ಯದಲ್ಲೇ ಜೋಡಿಸಲು ಶುರುಮಾಡಿದರು, ಆಮೇಲೆ ಕೋಲಾರದ ನರಸಾಪುರ, ಈಗ ದೇವನಹಳ್ಳಿಯ ಕಡೆ. ಅಮೆರಿಕದ್ದೆಂದು ಬೈಯೋಣವೆಂದರೆ ಕೋಲಾರದ ಹೆಣ್ಣುಮಕ್ಕಳ ಕೈ ಅದರಲ್ಲಿದೆ. ನಮ್ಮದೆಂದು ಹೊಗಳೋಣವೆಂದರೆ ಹುಡುಗ ಗೆಲ್ಲುತ್ತಾನೆ. ಕೊನೆಗೆ ಮಧ್ಯದ ದಾರಿ ಹಿಡಿದರು: "ಪೀಣ್ಯದಿಂದ ಇಲ್ಲಿಗೆ ಬಿಎಂಟಿಸಿ ಬಸ್ಸಲ್ಲಿ ಬರಬಹುದು. ಹಾಗಿದ್ದ ಮೇಲೆ ರೇಟು ಯಾಕೆ ಇಳೀಲಿಲ್ಲ?"

ಸೋಲು ಹತ್ತಿರವಾದಾಗ ಅವರು ಸಿಂಪ್ಯೂಟರ್ ತೆಗೆಯುತ್ತಾರೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರು ಸಾಮಾನ್ಯವಾಗಿ ಪುಷ್ಪಕ ವಿಮಾನ ಏರಿಬಿಡುತ್ತಾರೆ; ರಾಯರ ಹೆಚ್ಚುಗಾರಿಕೆಯೆಂದರೆ ಅವರು ಯಶವಂತಪುರದ ಆಚೆ ಹೋಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬಡವರಿಗಾಗಿ ಕಲ್ಪಿಸಿದ ಅಂಗೈ ಕಂಪ್ಯೂಟರು, ಬಿಇಎಲ್‌ನವರು ತಯಾರಿಸಿದ್ದು, 2004ರಲ್ಲಿ ಮಾರುಕಟ್ಟೆಗೆ ಬಂತು. ಐಫೋನ್ ಹುಟ್ಟಿದ್ದು 2007ರಲ್ಲಿ. ಪರದೆ ಮುಟ್ಟಿದರೆ ಕೆಲಸ ಮಾಡುತ್ತಿತ್ತು, ಭಾರತೀಯ ಭಾಷೆಗಳಲ್ಲಿ ಓದಿ ಹೇಳುತ್ತಿತ್ತು. ಇದೆಲ್ಲ ನಿಜ, ಹೆಮ್ಮೆಪಡಬೇಕಾದದ್ದೇ. ಜನ ಕೊಳ್ಳಲಿಲ್ಲ, ಅದು ಸೊರಗಿತು. ಹೇಳುತ್ತ ರಾಯರ ಗಂಟಲು ಕಟ್ಟುತ್ತದೆ.

"ನೀವು ಕೊಂಡ್ರಾ ಅಂಕಲ್?" ಎಂದು ಹುಡುಗ ಕೇಳಿದ.

"ಎರಡನೇ ಮಾಡೆಲ್ ಬರಲಿ ಅಂತ ಕಾಯ್ತಿದ್ದೆ."

ಫೋನಿನ ಸುದ್ದಿ ತೆಳುವಾದ ವಾರಗಳಲ್ಲಿ ಅವರು ಕಾನೂನಿಗೆ ಇಳಿಯುತ್ತಾರೆ. ಇಲ್ಲಿ ಅವರ ಇಷ್ಟದೈವ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದು ಅವರ ಹೆಸರಿನ ಪ್ರಕರಣದಲ್ಲೇ. ರಾಯರು ಈ ತೀರ್ಪಿನ ಬಗ್ಗೆ ಮಾತನಾಡುವ ಧಾಟಿ ನೋಡಿದರೆ ಅರ್ಜಿಗೆ ಸ್ಟಾಂಪು ಅಂಟಿಸಿದವರು ಇವರೇ ಇರಬೇಕು. ಒಂದು ದಿನ ಹೀಗೆ ಮಾತಾಡಿದವರು ಅದೇ ಸಂಜೆ ಸೂಪರ್‌ಮಾರ್ಕೆಟಿನ ಬಿಲ್ಲಿಂಗ್ ಹುಡುಗಿಗೆ ಮೊಬೈಲ್ ನಂಬರು, ಹುಟ್ಟಿದ ದಿನ, ಮದುವೆಯಾದ ದಿನ ಎಲ್ಲವನ್ನೂ ಸಾಲಿನ ಕೊನೆಯವರಿಗೂ ಕೇಳುವ ದನಿಯಲ್ಲಿ ಒಪ್ಪಿಸುತ್ತಿದ್ದರು. ನನ್ನ ಹುಬ್ಬು ಏರಿದ್ದು ಅವರಿಗೆ ಕಂಡಿತು. "ಅದು ಬೇರೆ. ಇಲ್ಲಿ ಪಾಯಿಂಟ್ ಕೊಡ್ತಾರೆ."

2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಷರತ್ತು ಬದಲಿಸಿದಾಗ ಅವರು ಎಲ್ಲರನ್ನೂ ಸಿಗ್ನಲ್‌ಗೆ ಕರೆದೊಯ್ಯುವ ಪಣ ತೊಟ್ಟರು. ಹೊಸ ಗುಂಪು ಮಾಡಿದರು. ಒಂದು ವಾರ ಅಲ್ಲಿ ಅವರೂ, ಅವರ ಭಾವಮೈದುನರೂ ಪರಸ್ಪರ ಶುಭೋದಯ ಹೇಳಿಕೊಂಡರು. ವಾಟ್ಸಾಪ್ ಯಾಕೆ ಬಿಡಬೇಕು ಎಂಬುದರ ಕುರಿತು ಅವರ ಅತ್ಯುತ್ತಮ ಬರಹಗಳೆಲ್ಲ ಈಗಲೂ ವಾಟ್ಸಾಪಿನಲ್ಲಿ ಲಭ್ಯ.

ಅವರ ಕೀರ್ತಿಯ ಮೂಲ ಇರುವುದು ನೆಟ್ ನ್ಯೂಟ್ರಾಲಿಟಿಯಲ್ಲಿ, ಅಂದರೆ ಅಂತರ್ಜಾಲದಲ್ಲಿ ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕೆಂಬ ಹೋರಾಟದಲ್ಲಿ. 2015ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು, ಸಿದ್ಧ ಒಕ್ಕಣೆ, ಗುಂಡಿ ಒತ್ತಿದರಾಯಿತು. ರಾಯರೂ ಒತ್ತಿದರು. ಟ್ರಾಯ್ ಅಷ್ಟನ್ನೂ ಕಳಿಸಿದವರ ಇಮೇಲ್ ವಿಳಾಸದ ಸಮೇತ ಜಾಲತಾಣದಲ್ಲಿ ಪ್ರಕಟಿಸಿಬಿಟ್ಟಿತು. ದೇಶ ಗೊಣಗಿತು, ರಾಯರು ಪಟ್ಟಿಯಲ್ಲಿ ತಮ್ಮ ವಿಳಾಸ ಹುಡುಕಿ ಪ್ರಿಂಟು ತೆಗೆಸಿದರು. ಅದು ಅವರ ತಾಮ್ರಪತ್ರ. ಖಾಸಗಿತನದ ಮಾತೆತ್ತಿದರೆ "ಹೋರಾಟ ಅಂದ್ಮೇಲೆ ಹೆಸರು ಹೊರಗೆ ಬರಲೇಬೇಕು" ಎನ್ನುತ್ತಾರೆ. 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು; ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಗಂಟುಮೂಟೆ ಕಟ್ಟಿತು. ಗುಂಡಿ ಒತ್ತಿದರೆ ಏನಾದರೂ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ವಿಚಿತ್ರವೆಂದರೆ ರಾಯರು ಆಮೇಲೆ ಒತ್ತಲೇ ಇಲ್ಲ. ದತ್ತಾಂಶ ರಕ್ಷಣೆಯ ಕರಡು ನಿಯಮಗಳನ್ನು 2025ರ ಜನವರಿಯಲ್ಲಿ ಪ್ರಕಟಿಸಿ ಕೇಂದ್ರ ಸರ್ಕಾರ ಸಲಹೆ ಕೇಳಿತು, ಗಡುವನ್ನೂ ಮುಂದೂಡಿತು. ರಾಯರ ಸಲಹೆಗಳು ನಮ್ಮ ಕಟ್ಟಡದ ಒಂದೊಂದು ಮನೆಗೂ ತಲುಪಿದವು, ದೆಹಲಿಯೊಂದು ಬಿಟ್ಟು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಎಲ್ಲ ಹೊಸ ಫೋನುಗಳಲ್ಲೂ ಇರಲೇಬೇಕೆಂಬ ಆದೇಶದ ಸುದ್ದಿ ಹೊರಬಿದ್ದಾಗ ಅವರು ಭಾರೀ ಲೇಖನಕ್ಕೆ ಕೂತರು. ಪೀಠಿಕೆ ಮುಗಿಯುವ ಮೊದಲೇ, 3ನೇ ತಾರೀಕು, ಸರ್ಕಾರ ಕಡ್ಡಾಯವನ್ನು ಹಿಂದಕ್ಕೆ ತೆಗೆದುಕೊಂಡಿತು. ರಾಯರಿಗೆ ಆದ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನೆಲಮಹಡಿಯ ಟೀಚರಮ್ಮನ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ನಿವೃತ್ತರು, ಒಂಟಿ. ಒಂದು ಮಧ್ಯಾಹ್ನ ಅವರ ಫೋನಿನಲ್ಲಿ ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಆಧಾರ್ ಹೆಸರಲ್ಲಿ ಮುಂಬೈಗೆ ಮಾದಕ ವಸ್ತುವಿನ ಪಾರ್ಸೆಲ್ ಬಂದಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಮುಂದಿಂದ ಏಳಬಾರದು ಎಂದ. ಟೀಚರಮ್ಮ ನಡುಗುತ್ತ ಪಾಸ್‌ಬುಕ್ ಹುಡುಕುತ್ತಿದ್ದಾಗ, ವೈಫೈ ರೂಟರ್ ಎಲ್ಲಿಟ್ಟರೆ ಸಿಗ್ನಲ್ ಚೆನ್ನಾಗಿರುತ್ತದೆಂದು ಯಾರೂ ಕೇಳದ ಸಲಹೆ ಕೊಡಲು ರಾಯರು ಒಳಬಂದರು. ಫೋನನ್ನು ಕೈಗೆ ತೆಗೆದುಕೊಂಡರು.

"ಡಿಜಿಟಲ್ ಅರೆಸ್ಟಾ? ಯಾವ ಸೆಕ್ಷನ್ನು? 2024ರ ಜುಲೈ ಒಂದರಿಂದ ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್ ಬಂದಿದೆ, ಅದರಲ್ಲಿ ಎಲ್ಲಿದೆ ತೋರಿಸಿ."

ಅವನು ಗದರಿಸಿದ. ಗದರಿಕೆ ರಾಯರಿಗೆ ಉತ್ತೇಜನ. ಪುಟ್ಟಸ್ವಾಮಿ ತೀರ್ಪಿಗೆ ಬಂದರು, ಅಲ್ಲಿಂದ ದತ್ತಾಂಶ ಕಾಯ್ದೆಗೆ. ಅವನು ಹಿಂದಿಗೆ ತಿರುಗಿದ, ರಾಯರು ತಮ್ಮ ಹಿಂದಿಗೆ ತಿರುಗಿದರು, ಅದು ಇನ್ನೂ ಭೀಕರ. ನಡುವೆ ಅವನ ಕ್ಯಾಮೆರಾದ ಗುಣಮಟ್ಟದ ಬಗ್ಗೆಯೂ ಎರಡು ಮಾತು ಬಂತು: ಇಷ್ಟು ದೊಡ್ಡ ಇಲಾಖೆ, ಇಂಥ ವೆಬ್‌ಕ್ಯಾಮಾ, ಯಾರು ಕೊಡಿಸಿದ್ದು? ನಾನು ಪಕ್ಕದಲ್ಲಿ ನಿಂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಿದ್ದೆ. ಪರದೆಯಲ್ಲಿ ಆ ಖಾಕಿಯವನ ಮುಖದ ಮೇಲೆ, ನಮ್ಮ ಕಟ್ಟಡದ ಎಲ್ಲರಿಗೂ ಪರಿಚಿತವಾದ ಆ ದಣಿವು ನಿಧಾನಕ್ಕೆ ಮೂಡಿತು. ಒಂದು ಮಾತೂ ಆಡದೆ ಕರೆ ಕತ್ತರಿಸಿದ.

ಟೀಚರಮ್ಮ ಕಣ್ಣೊರೆಸಿಕೊಂಡು ಕಾಫಿಗೆ ನೀರಿಟ್ಟರು. ರಾಯರ ಮುಖ ಮಾತ್ರ ಕೆಂಪಾಗಿತ್ತು. "ನೋಡಿ, ಎಂಥ ಮನುಷ್ಯ! ಮುಖ್ಯ ಪಾಯಿಂಟೇ ಇನ್ನೂ ಬಂದಿರಲಿಲ್ಲ" ಎನ್ನುತ್ತ, ನಾನು ಬೇಡವೆಂದು ಕೈಹಿಡಿದರೂ ಬಿಡದೆ, ಅದೇ ನಂಬರಿಗೆ ವಾಪಸ್ ಕರೆ ಮಾಡತೊಡಗಿದರು.