ಒಳ್ಳೆಯವರಾಗೋಕೆ ಹೊರಟಿದ್ದೀರಂತೆ!

ಏನ್ ಸ್ವಾಮಿ, ಮತ್ತೆ ಶುರು ಹಚ್ಕೊಂಡ್ರಂತೆ? ಬೆಳಿಗ್ಗೆ ಐದಕ್ಕೆ ಏಳೋದು, ವಾಕಿಂಗು, ಸಕ್ಕರೆ ಬಂದ್, ಮೊಬೈಲ್ ಬಂದ್, ಸಿಟ್ಟೂ ಬಂದ್! ನಮ್ಮ ಚಾಮರಾಜಪುರಂನಲ್ಲಿ ಗುಟ್ಟು ಉಳಿಯುತ್ತಾ? ನಿಮ್ಮ ಮನೆಗೆ ಹೊಸ ಶೂ ಡಬ್ಬ ಬಂದಾಗಲೇ ಬಲ್ಲಾಳ್ ಸರ್ಕಲ್‌ವರೆಗೂ ಸುದ್ದಿ ಮುಟ್ಟಿದೆ. (ಹಳೇ ಶೂ ಎಲ್ಲಿ ಅಂತ ಕೇಳಲ್ಲ ಬಿಡಿ. ಅದು ಹೋದ ವರ್ಷದ ಸಂಕಲ್ಪದ್ದು.)

ತಪ್ಪು ಅಂತಿಲ್ಲ ನಾನು. ಸುಧಾರಿಸೋಕೆ ನಮ್ಮ ಮೈಸೂರಿಗಿಂತ ಒಳ್ಳೆ ಜಾಗ ಎಲ್ಲಿದೆ? ನಡೀಬೇಕಾ, ಕುವೆಂಪು ಅವರು ನಡೆದಾಡಿದ ಕುಕ್ಕರಹಳ್ಳಿ ಕೆರೆ ಏರಿ ಇದೆ. ಹತ್ತಬೇಕಾ, ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಮೈ ಬಗ್ಗಿಸಬೇಕಾ, ಯೋಗಗುರು ಕೃಷ್ಣಮಾಚಾರ್ಯರು ಮಹಾರಾಜ ನಾಲ್ವಡಿಯವರ ಆಶ್ರಯದಲ್ಲಿ 1933ರಿಂದ ಯೋಗಶಾಲೆ ನಡೆಸಿದ್ದು ಇಲ್ಲೇ, ಜಗನ್ಮೋಹನ ಅರಮನೆಯಲ್ಲಿ. ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಸಂಸ್ಥೆ ಕಟ್ಟಿ ಪಾಠ ಹೇಳಿದ್ದು ಪಕ್ಕದ ಲಕ್ಷ್ಮೀಪುರಂನಲ್ಲಿ.

ಅಲ್ಲಿಗೆ ಅಮೆರಿಕಾದಿಂದ, ಯೂರೋಪಿಂದ ಜನ ವಿಮಾನ ಹತ್ತಿ ಬಂದ್ರು. ನೀವೇನ್ ಮಾಡಿದ್ರಿ? ಅವರಿಗೆ ದಾರಿ ತೋರಿಸಿದ್ರಿ. ('ಗೋ ಸ್ಟ್ರೈಟ್, ಲೆಫ್ಟ್, ಆಸ್ಕ್ ಎನಿಬಡಿ' ಅಂತ ಹೇಳಿ ಮನೆಗೆ ಬಂದು ಕಾಫಿ ಕುಡಿದ್ರಿ.)

ಜೋಯಿಸರದು ಹತ್ತು-ಹನ್ನೆರಡು ಜನ ಹಿಡಿಯೋ ಕೋಣೆ. ಮಿಕ್ಕವರು ಹೊರಗೆ ಮೆಟ್ಟಿಲ ಮೇಲೆ ಕೂತು ಕಾಯಬೇಕಿತ್ತು. ಒಳಗೆ ಒಂದು ಚಾಪೆ ಖಾಲಿಯಾದರೆ 'ಒನ್ ಮೋರ್!' ಅಂತ ಕೂಗು. ಒಂದು ಆಸನ ಮೈಗೆ ಕೂರೋವರೆಗೆ ಮುಂದಿನದು ಕೊಡ್ತಿರಲಿಲ್ಲ. ನೀವೋ? ಯೋಗ, ಧ್ಯಾನ, ರಾಗಿ ಅಂಬಲಿ, ಜೊತೆಗೆ ಸಂಸ್ಕೃತ, ಎಲ್ಲಾ ಒಂದೇ ಸೋಮವಾರ!

ಶೇ. 99 ಅಭ್ಯಾಸ, ಶೇ. 1 ಸಿದ್ಧಾಂತ ಅಂತಿದ್ರಂತೆ ಆ ಪುಣ್ಯಾತ್ಮರು. ನಿಮ್ಮ ಲೆಕ್ಕ ಸ್ವಲ್ಪ ತಿರುಗಾಮುರುಗಾ. ಯೂಟ್ಯೂಬಲ್ಲಿ ರಾತ್ರಿ ಒಂದು ಗಂಟೆವರೆಗೂ 'ಬೇಗ ಏಳುವುದು ಹೇಗೆ' ನೋಡ್ತೀರಿ. ಯಂಡಮೂರಿಯವರ 'ವಿಜಯಕ್ಕೆ ಐದು ಮೆಟ್ಟಿಲು' ಶೆಲ್ಫಲ್ಲಿದೆ, ಎರಡನೇ ಮೆಟ್ಟಿಲಲ್ಲಿ ಬಸ್ ಟಿಕೆಟ್ ಸಿಕ್ಕಿಸಿಟ್ಟಿದ್ದೀರಿ. (ಹೌದು ತಾನೇ? ನಗಬೇಡಿ.)

2017ರ ಜೂನ್ 21 ನೆನಪಿದೆಯಾ? ರೇಸ್‌ಕೋರ್ಸಲ್ಲಿ 55,506 ಜನ ಒಟ್ಟಿಗೆ ಯೋಗ ಮಾಡಿ ಗಿನ್ನೆಸ್ ದಾಖಲೆ ಬರೆದರು. 22ನೇ ತಾರೀಕು ಎಷ್ಟು ಜನ ಎದ್ರು ಅಂತ ಗಿನ್ನೆಸ್‌ನವರು ಎಣಿಸೋಕೆ ಬರಲಿಲ್ಲ, ನಮ್ಮ ಪುಣ್ಯ. ನಿಮ್ಮ ಮ್ಯಾಟ್ ಈಗ ತಾರಸಿ ಮೇಲೆ ಸಂಡಿಗೆ ಒಣಗಿಸ್ತಿದೆ ಅಂತ ಕೇಳಿದೆ.

ಇನ್ನು ವಾಕಿಂಗ್ ಕಥೆ. ಕೆರೆ ಒಂದು ಸುತ್ತು ಹಾಕಿ ಬೆವರು ಒರೆಸ್ಕೊಂಡ ಮೇಲೆ ನಿಮ್ಮ ಸ್ಕೂಟರ್ ಚಾಮುಂಡಿಪುರಂನ ಜಿಟಿಆರ್ ಹೋಟೆಲ್ ಮುಂದೆ ನಿಂತಿರುತ್ತೆ. (ದಾರಿಲಿ ಸಿಕ್ತು ಅನ್ನಬೇಡಿ, ಅದು ನಿಮ್ಮ ದಾರಿಲೇ ಇಲ್ಲ.) ಮಸಾಲೆ ದೋಸೆ ಮೇಲಿನ ಬೆಣ್ಣೆ ಕರಗಿ ಅಂಚಿಗೆ ಹರೀತಾ ಇರುವಾಗ ನೀವು ವಾಚ್ ತೋರಿಸಿ 'ಎಂಟು ಸಾವಿರ ಸ್ಟೆಪ್ಸ್ ಆಯ್ತು' ಅಂತೀರಿ.

ಅದಾದ್ರೂ ಪರವಾಗಿಲ್ಲ. ಅರ್ಧಕ್ಕೆ ಬಿಟ್ಟವರಿಂದ ಯಾರಿಗೂ ತೊಂದರೆ ಇಲ್ಲ. ನಿಜವಾದ ಅಪಾಯ ನೀವು ಬಿಡದೇ ಹೋದ್ರೆ! ಒಂದು ತಿಂಗಳು ನೆಟ್ಟಗೆ ಮಾಡಿದ್ರೋ, ಮನೆಯವರ ಕಾಫಿ ಲೋಟದೊಳಗೆ ಇಣುಕಿ 'ಸಕ್ಕರೆ ವಿಷ ಕಣೇ' ಅಂತೀರಿ. ಮಗನ ಬೆನ್ನು ಗೂನು ಅಂತೀರಿ. ನಮ್ಮ ಸ್ಟೇಷನ್ ಬೆಂಚಲ್ಲಿ ಚಾಮರಾಜನಗರದ ಪ್ಯಾಸೆಂಜರ್‌ಗೆ ಕಾಯ್ತಿರೋ ಅಪರಿಚಿತರ ಮೂಗು ಹಿಡಿಸಿ ಪ್ರಾಣಾಯಾಮ ಮಾಡಿಸ್ತೀರಿ. ತೂಕ ಎರಡು ಕಿಲೋ ಇಳಿದಿದೆ, ಅಹಂಕಾರ ನಾಲ್ಕು ಕಿಲೋ ಏರಿದೆ!

ಅದಕ್ಕೇ ಹೇಳೋದು, ಒಂದೇ ಒಂದು ಹಿಡ್ಕೊಳ್ಳಿ, ಯಾರಿಗೂ ಹೇಳ್ಬೇಡಿ. ಸ್ಟೇಟಸ್ ಅಂತೂ ಬೇಡವೇ ಬೇಡ. ನೀವು ಬದಲಾಗಿದ್ದೀರಿ ಅನ್ನೋದನ್ನ ಮನೆಯವರೇ ಕಂಡುಹಿಡೀಲಿ. ಕೆರೆ ಏರಿ ಮೇಲೆ ನಾನು ಸಿಕ್ಕರೆ ನಮಸ್ಕಾರ ಅನ್ನಿ, ಸಾಕು. ನನ್ನ ಹೊಟ್ಟೆ ಕಡೆ ನೋಡಿ 'ನೀವ್ಯಾವಾಗ ಸಾರ್?' ಅಂತ ಮಾತ್ರ ಕೇಳ್ಬೇಡಿ!